ಇನಿಟ್

ಪೈಥಾನ್ ಪ್ರಾಜೆಕ್ಟ್ ಒಂದನ್ನು ತೆರೆದರೆ ಬಹಳ ಸಲ ಸೊನ್ನೆ ಬೈಟಿನ ಫೈಲ್ ಒಂದು ಕಣ್ಣಿಗೆ ಬೀಳುತ್ತದೆ: ಹಿಂದೆರಡು ಮುಂದೆರಡು ಅಂಡರ್‌ಸ್ಕೋರ್ ಹೊತ್ತ ‘ಇನಿಟ್’. ಬಾಯಿಮಾತಿನಲ್ಲಿ ಇದು ‘ಡಂಡರ್ ಇನಿಟ್’. ಡಬಲ್ ಅಂಡರ್‌ಸ್ಕೋರ್ ಸವೆದು ಡಂಡರ್ ಆಗಿದೆ. ಇನಿಟ್ ಎಂಬುದು ಇನಿಶಿಯಲೈಸ್‌ನ ಮೊಟಕು. ಬೇರು ಲ್ಯಾಟಿನ್ನಿನ ‘ಇನಿಟಿಯಂ’: ‘ಇನ್’ ಅಂದರೆ ಒಳಗೆ, ‘ಈರೆ’ ಅಂದರೆ ಹೋಗುವುದು. ಒಳಹೊಗುವುದೇ ಅಲ್ಲಿ ಆರಂಭವಾಯಿತು, ನಮ್ಮ ಗೃಹಪ್ರವೇಶದ ಹಾಗೆ.

ಆ ಅರ್ಥ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ‘ಲೆಕ್ಕ’ ಎಂಬ ಫೋಲ್ಡರಿನಲ್ಲಿ ‘ಬಡ್ಡಿ’, ‘ತೆರಿಗೆ’ ಎಂಬ ಫೈಲುಗಳಿವೆ ಎನ್ನಿ. ಲೆಕ್ಕವನ್ನು ಇಂಪೋರ್ಟ್ ಮಾಡಿದೊಡನೆ ಮೊದಲು ಓಡುವುದು ಇನಿಟ್. ಬಡ್ಡಿಯ ಫಂಕ್ಷನ್ನನ್ನು ಅಲ್ಲಿಗೇ ತಂದಿಟ್ಟರೆ ಬಳಸುವವರು ಒಳಕೋಣೆ ತಡಕಾಡಬೇಕಿಲ್ಲ. ಅದಕ್ಕೆ ಕಾವಲಿನ ಕೆಲಸವೂ ಇತ್ತು: ‘ಸ್ಟ್ರಿಂಗ್’ನಂಥ ಸಾಮಾನ್ಯ ಹೆಸರಿನ ಯಾವುದೋ ಫೋಲ್ಡರ್ ಅದೇ ಹೆಸರಿನ ಅಸಲಿ ಮಾಡ್ಯೂಲನ್ನು ಮರೆಮಾಡದಂತೆ ತಡೆಯುವುದು.

ಕ್ಲಾಸಿನೊಳಗಿನ ಇನಿಟ್ ಬೇರೆಯೇ. ಅದು ಪ್ರತಿ ಆಬ್ಜೆಕ್ಟ್ ಹುಟ್ಟಿದಾಗಲೂ ಓಡುತ್ತದೆ. ಫೈಲಿನ ಇನಿಟ್ ಓಡುವುದು ಸಾಮಾನ್ಯವಾಗಿ ಪ್ರೋಗ್ರಾಮಿಗೊಮ್ಮೆ. ಹೊಸಬರು ಗಲಿಬಿಲಿಗೊಂಡರೆ ತಪ್ಪು ಅವರದಲ್ಲ, ಹೆಸರಿಟ್ಟವರದು.

2012ರ ಪೈಥಾನ್ 3.3ರಿಂದ ಈ ಫೈಲ್ ಕಡ್ಡಾಯವಲ್ಲ. ಆದರೂ ಖಾಲಿ ಇದೆಯಲ್ಲ ಎಂದು ಅಳಿಸಿಬಿಡಬೇಡಿ.