ಬಿ. ಆರ್. ಪಂತುಲು: ಎರಡು ನುಡಿಗಳ ಚಲಚ್ಚಿತ್ರಗಳಲ್ಲಿ ಚರಿತ್ರೆಯ ನಿರೂಪಣೆ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯೆದುರು ನಿಂತವರಲ್ಲಿ ಹಲವರು ಆ ವೀರವನಿತೆಯನ್ನು ನೆನೆಯುವುದು, ೧೯೭೨ರ 'ನಾಗರಹಾವು' ಚಲಚ್ಚಿತ್ರದಲ್ಲಿ ಜಯಂತಿಯವರು ತಾಳಿದ ರೂಪದಲ್ಲಿ. ಆ ಚಿತ್ರದ ನಿರ್ದೇಶಕರಾದ ಪುಟ್ಟಣ್ಣ ಕಣಗಾಲರು ಬಿ. ಆರ್. ಪಂತುಲು (೧೯೧೦–೧೯೭೪) ಅವರ ಬಳಿ ಸಹಾಯಕರಾಗಿದ್ದು ಕೆಲಸ ಕಲಿತವರು. ಪಂತುಲು ಅವರನ್ನು ತಮಿಳರು ತಮ್ಮ ಹಿರಿಯ ನಿರ್ದೇಶಕರಲ್ಲಿ ಒಬ್ಬರೆಂದು ಎಣಿಸುವರು, ಕನ್ನಡಿಗರು ತಮ್ಮವರೆನ್ನುವರು. ಎರಡೂ ದಿಟವೇ. ಆದರೆ ಅವರ ಕೃತಿಗಳನ್ನು ನುಡಿಯ ಎಲ್ಲೆಯಲ್ಲಿ ಎರಡಾಗಿ ಸೀಳಿ ನೋಡಿದರೆ, ಚರಿತ್ರೆಯು ಬೆಳ್ಳಿತೆರೆಗೆ ಬಂದ ಬಗೆಯೊಂದು ನಮಗೆ ಮರೆಯಾಗುವುದು. ಅದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪಂತುಲು ಅವರು ಬಂದುದು ಕನ್ನಡದ ವೃತ್ತಿರಂಗಭೂಮಿಯಿಂದ. ಮಹಮ್ಮದ್ ಪೀರರ ಚಂದ್ರಕಲಾ ನಾಟಕ ಮಂಡಲಿಯಲ್ಲಿ ನಟರಾಗಿದ್ದ ಅವರು ಎಚ್. ಎಲ್. ಎನ್. ಸಿಂಹರ 'ಸಂಸಾರ ನೌಕೆ'ಯಲ್ಲಿ (೧೯೩೬) ನಾಯಕಪಾತ್ರವನ್ನು ವಹಿಸಿದರು. ಮುಂದೆ ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿ, ೧೯೫೭ರಲ್ಲಿ ಒಂದೇ ಕಥೆಯನ್ನು ತಮಿಳಿನಲ್ಲಿ 'ತಂಗಮಲೈ ರಹಸ್ಯಂ' ಎಂದೂ ಕನ್ನಡದಲ್ಲಿ 'ರತ್ನಗಿರಿ ರಹಸ್ಯ' ಎಂದೂ ನಿರ್ದೇಶಿಸಿದರು. ಕನ್ನಡದ 'ಸ್ಕೂಲ್ ಮಾಸ್ಟರ್' (೧೯೫೮), 'ಶ್ರೀಕೃಷ್ಣದೇವರಾಯ' (೧೯೭೦), ತಮಿಳಿನ 'ಕಪ್ಪಲೋಟ್ಟಿಯ ತಮಿೞನ್' (೧೯೬೧), 'ಕರ್ಣನ್' (೧೯೬೪) ಇವು ಅವರ ಮುಖ್ಯ ಕೃತಿಗಳಲ್ಲಿ ಕೆಲವು.

ನಮ್ಮ ವಿಚಾರಕ್ಕೆ ಹೆಚ್ಚು ಪ್ರಯೋಜನವಾದುವು 'ವೀರಪಾಂಡಿಯ ಕಟ್ಟಬೊಮ್ಮನ್' (೧೯೫೯), 'ಕಿತ್ತೂರು ಚೆನ್ನಮ್ಮ' (೧೯೬೧) ಎಂಬ ಎರಡು ಚಿತ್ರಗಳು. ಮೊದಲನೆಯದರಲ್ಲಿ ಶಿವಾಜಿ ಗಣೇಶನ್, ಎರಡನೆಯದರಲ್ಲಿ ಬಿ. ಸರೋಜಾದೇವಿ ಪ್ರಧಾನಪಾತ್ರಧಾರಿಗಳು. ಎರಡರಲ್ಲಿಯೂ ಕಂಪನಿಯ ಅಧಿಕಾರಿಯೆದುರು ಕಪ್ಪವನ್ನು ನಿರಾಕರಿಸುವ ವೀರಭಾಷಣವಿದ್ದು, ಅದೇ ಜನರ ಬಾಯಲ್ಲಿ ಉಳಿದಿರುವುದು. ಪಾಂಚಾಲಂಕುರಿಚ್ಚಿಯ ಕಟ್ಟಬೊಮ್ಮನ ವಿಷಯದಲ್ಲಿ ಇದಕ್ಕೆ ಆಧಾರವುಂಟು. ಕಪ್ಪದ ಬಾಕಿಯೇ ಅವನಿಗೂ ಕಂಪನಿಗೂ ವಿವಾದಮೂಲ. ೧೭೯೮ರಲ್ಲಿ ರಾಮನಾಥಪುರದಲ್ಲಿ ಕಲೆಕ್ಟರ್ ಜಾಕ್ಸನ್ನನೊಡನೆ ಭೇಟಿ ನಡೆದು ಘರ್ಷಣೆಯಾಯಿತು. ೧೭೯೯ರ ಅಕ್ಟೋಬರಿನಲ್ಲಿ ಕಯತ್ತಾರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಿತ್ತೂರಿನ ಸಂಗತಿಯಾದರೋ ಬೇರೆ. ೧೮೨೪ರಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯಮಾಡಲಿಲ್ಲ. ಕಲಹದ ಬೇರು ಅಲ್ಲಿ, ಉತ್ತರಾಧಿಕಾರದಲ್ಲಿ. ಅದೇ ಅಕ್ಟೋಬರಿನಲ್ಲಿ ಥ್ಯಾಕರೆ ಹತನಾದನು; ಡಿಸೆಂಬರಿನಲ್ಲಿ ಕೋಟೆ ಬಿದ್ದಿತು; ಚೆನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಮಡಿದಳು.

ಹೀಗಿರಲು ಚೆನ್ನಮ್ಮನ ಕಥೆಯ ಶಿಖರವು ಕಪ್ಪದ ಮಾತಾದುದೇಕೆ? ಒಬ್ಬನೇ ನಿರ್ದೇಶಕನು ಎರಡು ವರ್ಷಗಳ ಅಂತರದಲ್ಲಿ ಮಾಡಿದ ಚಿತ್ರಗಳಿವು. ದತ್ತಕದ ನ್ಯಾಯವನ್ನು ಪ್ರೇಕ್ಷಕರಿಗೆ ತಿಳಿಯಹೇಳುವುದು ಕಷ್ಟ. 'ಕೊಡೆನು' ಎಂಬ ಮಾತು ಎಲ್ಲರಿಗೂ ತಿಳಿಯುವುದು. ತಮಿಳಿನಲ್ಲಿ ಸಫಲವಾದ ಅಚ್ಚಿನಲ್ಲಿ ಕನ್ನಡದ ಕಥೆಯನ್ನು ಎರೆದರೆಂದು ಊಹಿಸಲು ಇಲ್ಲಿ ಕಾರಣವಿದೆ. ಕಟ್ಟಬೊಮ್ಮನ ಸಂಭಾಷಣೆಯನ್ನು ಬರೆದ ಶಕ್ತಿ ಕೃಷ್ಣಸ್ವಾಮಿಯವರ ನಾಟಕವು ಚಿತ್ರಕ್ಕೆ ಮೊದಲೇ ರಂಗದ ಮೇಲೆ ಬಂದಿತ್ತೆಂಬುದನ್ನೂ ಗಮನಿಸಬೇಕು. ಈ ಮಾತಿನ ಬಲವು ರಂಗಭೂಮಿಯದು.

ಇನ್ನು ಶಿಷ್ಯರ ವಿಷಯ. ಗುರುಗಳ 'ಸ್ಕೂಲ್ ಮಾಸ್ಟರ್' ಕಥೆಯನ್ನೇ ಪುಟ್ಟಣ್ಣನವರು ೧೯೬೪ರಲ್ಲಿ ಮಲಯಾಳದಲ್ಲಿ ನಿರ್ದೇಶಿಸಿದರು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿದ 'ನಾಗರಹಾವು' ಐತಿಹಾಸಿಕ ಚಿತ್ರವಲ್ಲ. ಆದರೂ ಅದರಲ್ಲಿ ಒಂದು ಹಾಡಿನ ಅವಧಿಯಷ್ಟು ಕಾಲ ಚರಿತ್ರೆ ತೆರೆದುಕೊಳ್ಳುವುದು. ಕೋಟೆಯು ೧೭೭೯ರಲ್ಲಿ ಹೈದರಾಲಿಯ ವಶವಾಗುವುದಕ್ಕೆ ಮುಂಚಿನ ಮುತ್ತಿಗೆಯೊಂದರಲ್ಲಿ, ಕಿಂಡಿಯಿಂದ ನುಸುಳಿದ ಶತ್ರುಗಳನ್ನು ಕಾವಲುಗಾರನ ಹೆಂಡತಿಯು ಒನಕೆಯಿಂದ ಕೊಂದಳೆಂಬ ಸ್ಥಳೀಯ ಐತಿಹ್ಯವೇ ಅದರ ವಸ್ತು. ಇಲ್ಲಿ ಸಭೆಯಿಲ್ಲ, ವೀರಭಾಷಣವಿಲ್ಲ. ಹಾಡು, ಒನಕೆ, ದುರ್ಗದ ಕಲ್ಲು ಇಷ್ಟೇ. ಗುರುವಿನಿಂದ ಬಂದ ವೀರಕಥನವನ್ನು ಶಿಷ್ಯನು ಮಾತಿನಿಂದ ಬಿಡಿಸಿ ದೃಶ್ಯಕ್ಕೆ ಕಟ್ಟಿದನು.

ಆದುದರಿಂದ ಈ ಚಿತ್ರಗಳನ್ನು ಹದಿನೆಂಟನೆಯ ಅಥವಾ ಹತ್ತೊಂಬತ್ತನೆಯ ಶತಮಾನಕ್ಕೆ ಸಾಕ್ಷಿಯಾಗಿ ಹಿಡಿಯಲಾಗದು. ಸ್ವಾತಂತ್ರ್ಯಾನಂತರದ ಜನತೆ ತನ್ನ ಹಿಂದಿನವರನ್ನು ಹೇಗೆ ಕಾಣಬಯಸಿತೆಂಬುದಕ್ಕೆ ಮಾತ್ರ ಇವು ಬಲವಾದ ಸಾಕ್ಷಿ. ಚೆನ್ನಮ್ಮನ ಪಾಠವನ್ನು ಹೇಳುವ ಉಪಾಧ್ಯಾಯರು ಆ ವೀರಭಾಷಣವನ್ನು ತರಗತಿಯಿಂದ ಹೊರಗಿಡಬೇಕಾಗಿಲ್ಲ. ಅದರ ಪಕ್ಕದಲ್ಲಿ ದತ್ತಕದ ಸಂಗತಿಯನ್ನೂ ಇಟ್ಟರೆ, ವಿದ್ಯಾರ್ಥಿಗಳಿಗೆ ಕಲೆಯೂ ತಿಳಿಯುವುದು, ಚರಿತ್ರೆಯೂ ತಿಳಿಯುವುದು.