ಆಚೆ ಬದಿಯವರಿಲ್ಲದ ಪಾಠ

ಗೆಟ್ಟವಾಡಿ ತಾಳವಾಡಿ ಬೆಟ್ಟಸೀಮೆಯ ಕನ್ನಡದ ಊರು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ಮಾಡಿದ ಹೊಸ ಜಿಲ್ಲೆಗೆ ಸೇರಿತು, ಅದೇ ಇಂದಿನ ಈರೋಡು. ಈ ಸೀಮೆಯಿಂದ ಕಂಪ್ಯೂಟರ್ ಎಂಜಿನಿಯರಿಂಗ್ ಓದಲು ಹೊರಟವರಿಗೆ ಹತ್ತಿರದ ದಾರಿ ಎರಡು. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋದರೆ 1996ರಲ್ಲಿ ಶುರುವಾದ ಬಣ್ಣಾರಿ ಅಮ್ಮನ್ ತಾಂತ್ರಿಕ ಸಂಸ್ಥೆ ಇದೆ. ಅದು ಅಣ್ಣಾ ವಿಶ್ವವಿದ್ಯಾಲಯದ ಕಡೆ. ಉತ್ತರಕ್ಕೆ ಗಡಿ ದಾಟಿದರೆ 2007ರಲ್ಲಿ ಆರಂಭವಾದ ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುನ ಕಡೆ. ಎರಡೂ ಕಡೆ ವೆಬ್ ಪ್ರೋಗ್ರಾಮಿಂಗ್ ಕಲಿಸಿದರು, ಕಲಿಸುತ್ತಲೂ ಇದ್ದಾರೆ. ಪ್ರೋಗ್ರಾಮಿಂಗ್ ಭಾಷೆ ಬೇರೆ, ಪುಸ್ತಕ ಬೇರೆ, ಪರೀಕ್ಷೆಯ ರೀತಿ ಬೇರೆ. ಆದರೆ ಎರಡೂ ಪಾಠಗಳ ಇತಿಹಾಸವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕೊರತೆ ಎದ್ದು ಕಾಣುತ್ತದೆ: ಸರ್ವರ್‌ನ ಆಚೆ ಬದಿಯಲ್ಲಿ ಕುಳಿತು ಫಾರಂ ತುಂಬುವ ಮನುಷ್ಯ ಪಠ್ಯದೊಳಗೆ ಬರಲೇ ಇಲ್ಲ.

ವೆಬ್‌ನ ಮೊದಲ ಪುಟಗಳು ಬರೆದಿಟ್ಟ ಕಡತಗಳಷ್ಟೇ; ಯಾರು ಕೇಳಿದರೂ ಅದೇ ಪುಟ ಹೋಗುತ್ತಿತ್ತು. ಕೇಳಿದವರಿಗೆ ತಕ್ಕ ಉತ್ತರವನ್ನು ಆ ಗಳಿಗೆಯಲ್ಲೇ ತಯಾರಿಸಿ ಕೊಡುವ ಏರ್ಪಾಡು 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರೂಪುಗೊಂಡಿತು. ಅದರ ಹೆಸರು ಸಿಜಿಐ. ಬ್ರೌಸರಿನಿಂದ ಬಂದ ಕೋರಿಕೆಯನ್ನು ಸರ್ವರ್ ಒಂದು ಪ್ರೋಗ್ರಾಮಿನ ಕೈಗೆ ಕೊಡುತ್ತದೆ, ಆ ಪ್ರೋಗ್ರಾಂ ಬರೆದದ್ದನ್ನೇ ಮರಳಿ ಬ್ರೌಸರಿಗೆ ಕಳಿಸುತ್ತದೆ. ಆ ಪ್ರೋಗ್ರಾಮನ್ನು ಹೆಚ್ಚಿನವರು ಬರೆಯುತ್ತಿದ್ದುದು ಪರ್ಲ್ ಭಾಷೆಯಲ್ಲಿ. 1995ರ ಜೂನ್‌ನಲ್ಲಿ ರಾಸ್ಮಸ್ ಲರ್ಡಾರ್ಫ್ ಪಿಎಚ್‌ಪಿಯನ್ನು ಹೊರತಂದರು. ಅದೇ ವರ್ಷ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಂತು. ಅದೇ ವರ್ಷದ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಜಾವಾ ಲೋಕದಿಂದ ಸರ್ವ್‌ಲೆಟ್, ಅದರ ಹಿಂದೆಯೇ ಜೆಎಸ್‌ಪಿ ಬಂದವು. ವಿಟಿಯು ಹುಟ್ಟಿದ್ದು 1998ರಲ್ಲಿ. ಹೀಗಾಗಿ ಕರ್ನಾಟಕದ ಕಾಲೇಜುಗಳಲ್ಲಿ ವೆಬ್ ಪ್ರೋಗ್ರಾಮಿಂಗ್ ಪಾಠವಾಗುವ ಹೊತ್ತಿಗೆ ಹೊರಗಿನ ಜಗತ್ತಿನಲ್ಲಿ ಇದು ಆಗಲೇ ಕಸುಬಾಗಿತ್ತು. ಕಂಪ್ಯೂಟರ್ ಕಾಣದ ರೈತನ ಬಾಳಿಗೂ ಡೇಟಾಬೇಸ್ ಬಂದಾಗಿತ್ತು: ಹೊಸ ಶತಮಾನದ ಮೊದಲ ವರ್ಷಗಳಲ್ಲೇ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಒಂದರಂತೆ ಕೊಡತೊಡಗಿತ್ತು.

ವಿಟಿಯುನ 2006ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಏಳನೇ ಸೆಮಿಸ್ಟರಿಗೆ ‘ಪ್ರೋಗ್ರಾಮಿಂಗ್ ದ ವೆಬ್’ ಎಂಬ ವಿಷಯವಿತ್ತು, ರಾಬರ್ಟ್ ಸೆಬೆಸ್ಟಾ ಅವರ ಪುಸ್ತಕ ಅದರ ಪಠ್ಯ, ಜೊತೆಗೊಂದು ಲ್ಯಾಬ್. ಆ ಲ್ಯಾಬಿನ ಪಟ್ಟಿ ಇಡೀ ಪಾಠದ ಸ್ವಭಾವವನ್ನು ಹೇಳುತ್ತದೆ. ಸರ್ವರ್‌ನ ಹೆಸರು, ಅದರ ತಂತ್ರಾಂಶ, ಸಿಜಿಐ ಆವೃತ್ತಿ ತೋರಿಸುವ ಪರ್ಲ್ ಪ್ರೋಗ್ರಾಂ. ಪುಟಕ್ಕೆ ಬಂದವರನ್ನು ಎಣಿಸುವ ಪ್ರೋಗ್ರಾಂ. ಸರ್ವರ್‌ನ ಸಮಯ ತೋರಿಸುವ ಡಿಜಿಟಲ್ ಗಡಿಯಾರ. ಹೆಸರು, ವಯಸ್ಸನ್ನು ಮೈಎಸ್‌ಕ್ಯೂಎಲ್‌ಗೆ ಸೇರಿಸಿ ತೋರಿಸುವುದು. ಪಿಎಚ್‌ಪಿಯಲ್ಲಿ ಕುಕಿ, ಸೆಷನ್. ಕೊನೆಗೆ ರೈಲ್ಸ್‌ನಲ್ಲಿ ಪುಸ್ತಕಗಳ ವಿವರ. 2015ರ ಸ್ಕೀಮಿನಲ್ಲಿ ಪರ್ಲ್ ಹೋಯಿತು, ಗಡಿಯಾರವೂ ಎಣಿಕೆಯೂ ಪಿಎಚ್‌ಪಿಗೆ ವರ್ಗವಾದವು. 2021ರ ಸ್ಕೀಮಿನಲ್ಲಿ ‘ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್’ ಬಂತು, ಪೈಥಾನ್ ಭಾಷೆಯ ಜಾಂಗೋ ಬಂತು, ಸರ್ವರ್‌ನ ದಿನಾಂಕ ಮತ್ತು ಸಮಯ ತೋರಿಸುವ ಅಭ್ಯಾಸವೂ ಅದರೊಳಗೆ ಬಂತು. ಮೂರು ಸ್ಕೀಮು, ಮೂರು ಭಾಷೆ, ಒಂದೇ ಗಡಿಯಾರ. ಮೇಷ್ಟರ ಸೋಮಾರಿತನ ಇದಕ್ಕೆ ಕಾರಣವಲ್ಲ. ಇನ್ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಒಂದೇ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಕ್ಕೆ ಎಲ್ಲೆಡೆ ಒಂದೇ ಅಳತೆ ಬೇಕು. ಹಾಗಾಗಿ ಪ್ರಾಯೋಗಿಕ ಪರೀಕ್ಷೆಗೆ ಮೊದಲೇ ಗೊತ್ತಿರುವ ಪ್ರಶ್ನೆಗಳ ಪಟ್ಟಿ, ಅದರಿಂದ ಚೀಟಿ ಎತ್ತುವ ಪದ್ಧತಿ. ಚೀಟಿಯಲ್ಲಿ ಬರುವ ಪ್ರಶ್ನೆಗೆ ಗೊತ್ತಾದ ಉತ್ತರ ಇರಲೇಬೇಕು. ಯಾರೋ ಅಪರಿಚಿತರು ಏನನ್ನೋ ಟೈಪು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಹಾಗೆ ಗೊತ್ತಾದ ಉತ್ತರವಿಲ್ಲ. ಅದು ಚೀಟಿಯಲ್ಲಿ ಹಿಡಿಸುವುದಿಲ್ಲ.

ಆ ಹಳೆಯ ಪಟ್ಟಿಯಲ್ಲಿದ್ದ ಒಂದು ಪ್ರೋಗ್ರಾಮಿನ ಬಗ್ಗೆ ನಿಂತು ಯೋಚಿಸಬೇಕು. ಫಾರಂನಲ್ಲಿ ಯಾರಾದರೂ ಒಂದು ಯುನಿಕ್ಸ್ ಆಜ್ಞೆ ಬರೆದರೆ ಅದನ್ನು ಸರ್ವರಿನಲ್ಲಿ ನಡೆಸಿ ಬಂದ ಫಲಿತಾಂಶವನ್ನು ತೋರಿಸಬೇಕು, ಇದು ಪ್ರಶ್ನೆ. ಪರ್ಲ್‌ನಲ್ಲಿ ಇದು ಕೆಲವೇ ಸಾಲಿನ ಕೆಲಸ: ಫಾರಂನಿಂದ ಬಂದ ಪಠ್ಯವನ್ನು ಹಾಗೆಯೇ ಎತ್ತಿ ‘ಸಿಸ್ಟಂ’ ಎಂಬ ಕರೆಗೆ ಕೊಟ್ಟರೆ ಆಯಿತು. ದಿನಾಂಕ ಕೇಳುವ ಆಜ್ಞೆ ಬರೆದರೆ ದಿನಾಂಕ ಬರುತ್ತದೆ. ಕಡತ ಅಳಿಸುವ ಆಜ್ಞೆ ಬರೆದರೆ ವೆಬ್ ಸರ್ವರಿಗೆ ಯಾವ ಕಡತಗಳ ಮೇಲೆ ಅಧಿಕಾರವಿದೆಯೋ ಅವೆಲ್ಲ ಅಳಿಸಿಹೋಗಬಹುದು. ಸುರಕ್ಷತೆಯ ಪುಸ್ತಕಗಳು ಅತಿ ಕೆಟ್ಟ ರಂಧ್ರ ಎಂದು ಹೆಸರಿಸುವುದನ್ನೇ ಇಲ್ಲಿ ಅಂಕ ಕೊಟ್ಟು ಬರೆಸಲಾಯಿತು. ಆ ಹೊತ್ತಿಗೆ ಈ ಅಪಾಯ ಜಗತ್ತಿಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಡೇಟಾಬೇಸಿಗೆ ಇದೇ ಬಗೆಯಲ್ಲಿ ಆಜ್ಞೆ ತುರುಕುವ ದಾರಿ 1998ರಲ್ಲೇ ‘ಫ್ರ್ಯಾಕ್’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ವೆಬ್ ದೋಷಗಳ ಹತ್ತರ ಪಟ್ಟಿಯನ್ನು ಓವಾಸ್ಪ್ ಸಂಸ್ಥೆ 2003ರಲ್ಲಿ ಹೊರತಂದಿತ್ತು. ನಮ್ಮ ದೇಶದ್ದೇ ಆದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2004ರಲ್ಲಿ ಕೆಲಸ ಆರಂಭಿಸಿತ್ತು.

ಘಾಟಿ ಇಳಿದವರ ಪಾಠ ನೋಡಲು ಹೆಚ್ಚು ಗಂಭೀರ. ಅಣ್ಣಾ ವಿಶ್ವವಿದ್ಯಾಲಯದ 2013ರ ನಿಯಮಾವಳಿಯ ‘ಇಂಟರ್‌ನೆಟ್ ಪ್ರೋಗ್ರಾಮಿಂಗ್’ ಲ್ಯಾಬಿನಲ್ಲಿ ಟಾಮ್‌ಕ್ಯಾಟ್ ಸ್ಥಾಪನೆ, ಸರ್ವ್‌ಲೆಟ್, ಸೆಷನ್, ಜೆಎಸ್‌ಪಿ ಮತ್ತು ಡೇಟಾಬೇಸ್ ಸೇರಿಸಿ ಮೂರು ಹಂತದ ಆನ್‌ಲೈನ್ ಪರೀಕ್ಷೆ, ವಿದ್ಯಾರ್ಥಿಗಳ ಅಂಕಪಟ್ಟಿ ಎಲ್ಲ ಇದ್ದವು. ಕಂಪನಿಗಳ ಕೆಲಸಕ್ಕೆ ಇದು ಹತ್ತಿರ. ಆದರೆ ಫಾರಂನಲ್ಲಿ ತುಂಬಿದ್ದು ಸರಿಯೇ ಎಂದು ನೋಡುವ ಅಭ್ಯಾಸ ಆ ಪಟ್ಟಿಯಲ್ಲಿ ಬಂದದ್ದು ಬ್ರೌಸರ್ ಬದಿಯ ಸ್ಕ್ರಿಪ್ಟಿನ ಕೆಲಸವಾಗಿ. ಬ್ರೌಸರ್ ಇರುವುದು ಬಳಸುವವನ ಕೈಯಲ್ಲಿ. ಅಲ್ಲಿ ಮಾಡಿದ ತಪಾಸಣೆಯನ್ನು ಅವನು ಬಯಸಿದರೆ ಆರಿಸಿಬಿಡಬಹುದು, ಬ್ರೌಸರೇ ಇಲ್ಲದೆ ನೇರವಾಗಿ ಸರ್ವರಿಗೆ ಕೋರಿಕೆ ಕಳಿಸಲೂಬಹುದು. ನಿಜವಾದ ತಪಾಸಣೆ ಸರ್ವರ್‌ನ ಬದಿಯಲ್ಲೇ ಆಗಬೇಕು. ಎರಡೂ ಕಡೆ ಇದನ್ನು ಅನುಭವದಿಂದ ತಿಳಿಯಲು ಅವಕಾಶವೇ ಇರಲಿಲ್ಲ, ಯಾಕೆಂದರೆ ಲ್ಯಾಬಿನಲ್ಲಿ ಸರ್ವರ್ ಇದ್ದದ್ದು ವಿದ್ಯಾರ್ಥಿಯ ಎದುರಿನ ಕಂಪ್ಯೂಟರಿನೊಳಗೇ. ‘ಲೋಕಲ್‌ಹೋಸ್ಟ್’ ಎಂದು ಟೈಪು ಮಾಡಿದರೆ ತನ್ನ ಪ್ರೋಗ್ರಾಮಿಗೆ ತಾನೇ ಗಿರಾಕಿ. ಅಡುಗೆ ಮಾಡಿದವನೊಬ್ಬನೇ ಉಂಡು ಎದ್ದರೆ ಉಪ್ಪು ಹೆಚ್ಚಾದದ್ದನ್ನು ಹೇಳುವವರು ಯಾರು?

ಇದಕ್ಕೆ ಮೇಷ್ಟರುಗಳ ಕಡೆಯಿಂದ ಒಂದು ನ್ಯಾಯವಾದ ಮಾತಿದೆ. ಕಲಿಯುವವನಿಗೆ ಮೊದಲು ಯಂತ್ರ ಹೇಗೆ ತಿರುಗುತ್ತದೆ ಎಂದು ಕಾಣಬೇಕು. ಮುಚ್ಚಿದ ಲ್ಯಾಬಿನಲ್ಲಿ ಯುನಿಕ್ಸ್ ಆಜ್ಞೆ ನಡೆಸಿದರೆ ಯಾರಿಗೂ ನಷ್ಟವಿಲ್ಲ. ಸುರಕ್ಷತೆಯನ್ನು ಮುಂದೆ ಬೇರೆ ವಿಷಯವಾಗಿ ಕಲಿಯಲಿ. ಇದರ ಮೊದಲ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಯಂತ್ರ ಕಾಣಿಸುವುದರಲ್ಲಿ ಆ ಹಳೆಯ ಸಿಜಿಐ ಲ್ಯಾಬನ್ನು ಮೀರಿಸಿದ ಪಾಠ ಇನ್ನೂ ಬಂದಿಲ್ಲ. ಪ್ರೋಗ್ರಾಂ ಮೊದಲು ಹೆಡರ್ ಸಾಲು ಬರೆಯಬೇಕು, ಆಮೇಲೆ ಒಂದು ಖಾಲಿ ಸಾಲು ಬಿಡಬೇಕು; ಆ ಖಾಲಿ ಸಾಲು ತಪ್ಪಿದರೆ ಪುಟವೇ ಬರುವುದಿಲ್ಲ. ಪ್ರತಿ ಕೋರಿಕೆಗೂ ಪ್ರೋಗ್ರಾಂ ಹೊಸದಾಗಿ ಹುಟ್ಟಿ, ಉತ್ತರ ಕೊಟ್ಟು ಸಾಯುತ್ತದೆ. ಹಾಗಾಗಿ ಹಿಂದಿನದು ಅದಕ್ಕೆ ನೆನಪಿರುವುದಿಲ್ಲ, ಕುಕಿ ಬೇಕಾಗುತ್ತದೆ. ಇದನ್ನು ಕೈಯಾರೆ ಮಾಡಿದವನಿಗೆ ಇಂದಿನ ಯಾವ ಫ್ರೇಮ್‌ವರ್ಕೂ ಒಳಗೇನು ಮಾಡುತ್ತದೆ ಎಂಬುದು ಒಗಟಾಗದು. ಎರಡನೆಯ ಅರ್ಧವನ್ನು ಮಾತ್ರ ಒಪ್ಪಲಾರೆ. ಮೊದಲ ಅಭ್ಯಾಸ ಕೈಗೆ ಅಂಟಿಕೊಳ್ಳುತ್ತದೆ. ಫಾರಂನಿಂದ ಬಂದದ್ದನ್ನು ನೇರವಾಗಿ ಎಸ್‌ಕ್ಯೂಎಲ್ ಸಾಲಿಗೆ ಜೋಡಿಸುವುದನ್ನು ಒಮ್ಮೆ ರೆಕಾರ್ಡ್ ಬುಕ್ಕಿನಲ್ಲಿ ಬರೆದು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಅಂಕ ಪಡೆದ ಮೇಲೆ ಅದೇ ಸರಿಯಾದ ಕ್ರಮ ಎಂದು ಮನಸ್ಸು ನಂಬುತ್ತದೆ. ತುಂಬಿದ ಮೌಲ್ಯಗಳನ್ನು ಆ ಸಾಲಿನಿಂದ ಬೇರೆಯಾಗಿ ಕಳಿಸುವ ಸುರಕ್ಷಿತ ವಿಧಾನ ಪಿಎಚ್‌ಪಿಯಲ್ಲಿ 2004ರಿಂದಲೇ ಇತ್ತು. ಅದನ್ನು ಮೊದಲ ದಿನವೇ ಕಲಿಸಿದ್ದರೆ ಹೆಚ್ಚುವರಿ ಬೀಳುತ್ತಿದ್ದದ್ದು ಎರಡೋ ಮೂರೋ ಸಾಲು.

ಈಗ ಕನ್ನಡದ ಮಾತಿಗೆ ಬರೋಣ. ಫಾರಂ ತುಂಬುವವರ ಭಾಷೆ ಪಠ್ಯದೊಳಗೆ ಬಾರದ್ದು ನನಗೆ ಸುರಕ್ಷತೆ ಬಾರದ್ದಕ್ಕಿಂತ ದೊಡ್ಡ ಕೊರತೆ. ಹೆಸರು, ವಿಳಾಸ ತುಂಬಿಸಿ ಡೇಟಾಬೇಸಿಗೆ ಸೇರಿಸುವ ಪ್ರಶ್ನೆಗೆ ಯಾರಾದರೂ ‘ಗೆಟ್ಟವಾಡಿ’ ಎಂದು ಕನ್ನಡದಲ್ಲೇ ಬರೆದರೆ ಏನಾಗುತ್ತಿತ್ತು? ಕನ್ನಡ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಇದೆ. ಆ ಲೆಕ್ಕದಲ್ಲಿ ಈ ಊರಿನ ಹೆಸರು 9 ಸಂಕೇತ: ಮೂಲ ವ್ಯಂಜನ, ಸ್ವರಚಿಹ್ನೆ, ಒತ್ತಿಗೆ ಬೇಕಾದ ವಿರಾಮ ಎಲ್ಲ ಸೇರಿ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 27. ಓದುವವರ ಕಣ್ಣಿಗೆ ಇರುವುದು ನಾಲ್ಕೇ ಅಕ್ಷರ. ಪಿಎಚ್‌ಪಿಯ ಉದ್ದ ಅಳೆಯುವ ಸಾಮಾನ್ಯ ಕರೆ 27 ಎನ್ನುತ್ತದೆ. ಮೈಎಸ್‌ಕ್ಯೂಎಲ್ ಕೇಳದೆಯೇ ಆರಿಸಿಕೊಳ್ಳುತ್ತಿದ್ದುದು ಲ್ಯಾಟಿನ್ ಅಕ್ಷರಗಳ ಕೋಷ್ಟಕ. ಅದು ಬದಲಾಗಿ ಎಲ್ಲ ಲಿಪಿಗೂ ಒಗ್ಗುವ ಕೋಷ್ಟಕ ತಾನಾಗಿ ಬಂದದ್ದು 2018ರ 8.0 ಆವೃತ್ತಿಯಲ್ಲಿ. ಹಳೆಯ ಆವೃತ್ತಿಗಳಲ್ಲಿ ಹೆಸರಿಗೆ 20ರ ಅಂಕಣ ಕೊಟ್ಟು ಸುಮ್ಮನಿದ್ದರೆ ಆ 20 ಬೈಟುಗಳಲ್ಲಿ ‘ಗೆಟ್ಟವ’ ಎಂಬಷ್ಟು ಉಳಿದು, ಮುಂದೆ ಒಂದು ಮುರುಕು ಸಂಕೇತ ನಿಲ್ಲುತ್ತಿತ್ತು. ಸಂಪರ್ಕವನ್ನು ಮಾತ್ರ ಯುಟಿಎಫ್-8 ಮಾಡಿ ಕೋಷ್ಟಕವನ್ನು ಮರೆತರೆ ಊರಿನ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. 2015ರ ಸ್ಕೀಮಿನಲ್ಲಿ ಡೇಟಾಬೇಸಿನಲ್ಲಿರುವ ವಿದ್ಯಾರ್ಥಿಗಳ ದಾಖಲೆಗಳನ್ನು ಸೆಲೆಕ್ಷನ್ ಸಾರ್ಟ್‌ನಿಂದ ಜೋಡಿಸುವ ಪಿಎಚ್‌ಪಿ ಪ್ರಶ್ನೆಯೊಂದಿತ್ತು. ಅದಕ್ಕೆ ಕನ್ನಡದ ಹೆಸರು ಕೊಟ್ಟು ನೋಡಿ. ಯೂನಿಕೋಡ್ ಕೋಷ್ಟಕದಲ್ಲಿ ಳ ಇರುವುದು ಲ ಆದ ಕೂಡಲೇ, ವ ಬರುವುದಕ್ಕೂ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ, ಕಟ್ಟಕಡೆಗೆ. ಹಾಗಾಗಿ ಕಾಳಮ್ಮ ಕಾವೇರಿಗಿಂತ ಮುಂದೆ ಬಂದು ನಿಲ್ಲುತ್ತಾಳೆ. ಕನ್ನಡ ಶಾಲೆಯಲ್ಲಿ ಹಾಜರಿ ಕೂಗಿಸಿಕೊಂಡು ಬಂದ ಮಗುವಿಗೆ ಗೊತ್ತಿರುವ ವರ್ಣಮಾಲೆಯ ಕ್ರಮ ಏಳನೇ ಸೆಮಿಸ್ಟರಿನ ಪಟ್ಟಿಗೆ ಬೇಕಾಗಲಿಲ್ಲ.

ಇದಕ್ಕೂ ಆಕ್ಷೇಪವಿದೆ. ಕೆಲಸ ಸಿಗುವುದು ಬೆಂಗಳೂರಿನಲ್ಲಿ, ಗಿರಾಕಿ ಇರುವುದು ಅಮೆರಿಕದಲ್ಲಿ, ಪ್ರೋಗ್ರಾಂ ಬರೆಯುವುದು ಇಂಗ್ಲಿಷಿನಲ್ಲಿ, ಕನ್ನಡ ಯಾಕೆ? ಪ್ರೋಗ್ರಾಂ ಇಂಗ್ಲಿಷಿನಲ್ಲೇ ಇರಲಿ. ಅದರೊಳಗೆ ಹರಿದು ಬರುವುದು ಜನರ ಹೆಸರು. ಅಮೆರಿಕದ ಗಿರಾಕಿಯ ಬಳಿಯೂ ಸ್ಪ್ಯಾನಿಷ್, ಚೀನೀ ಹೆಸರಿನವರು ಬರುತ್ತಾರೆ. ಕನ್ನಡದಲ್ಲಿ ಈ ಕಷ್ಟ ಕಂಡವನಿಗೆ ಅಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದಾಗ ಅದರ ಕೆಳಗಿದ್ದದ್ದು ಇದೇ ಪಿಎಚ್‌ಪಿ, ಇದೇ ಮೈಎಸ್‌ಕ್ಯೂಎಲ್. ಬಹುಭಾಷೆಯ ಓದುಗರನ್ನು ಎದುರಿಗಿಟ್ಟುಕೊಂಡು ಬರೆದವರು ಡೇಟಾಬೇಸಿಗೆ ಅಕ್ಷರದ ಗೊಡವೆಯೇ ಬೇಡವೆಂದು ಬರೀ ಬೈಟುಗಳಾಗಿ ಇಟ್ಟು ದಾರಿ ಕಂಡುಕೊಂಡರು. ಉಪಕರಣ ಒಂದೇ, ಯಾರಿಗಾಗಿ ಎಂಬ ಯೋಚನೆಯಲ್ಲಿ ವ್ಯತ್ಯಾಸ.

ಗಡಿಯ ಊರಿನಲ್ಲಿ ಈ ಯೋಚನೆ ಇನ್ನೂ ಅಗತ್ಯ. ಚಾಮರಾಜನಗರದ ಕಡೆಯ ಹೊಲದ ಪಹಣಿ ಕನ್ನಡದಲ್ಲಿ. ತಾಳವಾಡಿಯ ಕಡೆಯ ಹೊಲದ ಪಟ್ಟಾ, ಚಿಟ್ಟಾ ತಮಿಳಿನಲ್ಲಿ. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ಪ, ಬಗಳಿಗೂ ಒಂದೇ. ಬಾಯಲ್ಲಿ ಆಡುವವರಿಗೆ ಇದರಿಂದ ಗೊಂದಲವಿಲ್ಲ, ಓದುವವರು ಸಂದರ್ಭ ನೋಡಿ ಉಚ್ಚರಿಸುತ್ತಾರೆ. ಯಂತ್ರಕ್ಕೆ ಸಂದರ್ಭ ತಿಳಿಯದು. ತಮಿಳಿನಲ್ಲಿ ದಾಖಲಾದ ಬಸಪ್ಪನನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಿರುಗಿಸಿದರೆ ಪಸಪ್ಪ ಆಗಬಹುದು. ಎರಡು ಕಡೆ ಹೊಲವಿರುವ ಒಬ್ಬನೇ ಬಸಪ್ಪ ಎರಡು ಸರ್ಕಾರಗಳ ಕಡತದಲ್ಲಿ ಇಬ್ಬರಾಗಬಹುದು. ಬ್ಯಾಂಕಿನವರು ಹೆಸರು ಹೊಂದುತ್ತಿಲ್ಲ ಎಂದರೆ ಅವನು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಹೊಸ ಉಪಕರಣಗಳು ಇದನ್ನೆಲ್ಲ ಸರಿಮಾಡಿವೆಯಲ್ಲ ಎಂಬುದು ಕೊನೆಯ ಆಕ್ಷೇಪ. ಅರ್ಧ ನಿಜ. ಜಾಂಗೋ ಎಸ್‌ಕ್ಯೂಎಲ್ ಸಾಲಿಗೆ ಮೌಲ್ಯಗಳನ್ನು ತಾನೇ ಸುರಕ್ಷಿತವಾಗಿ ಸೇರಿಸುತ್ತದೆ, ಪುಟದಲ್ಲಿ ತೋರಿಸುವಾಗ ಅಪಾಯದ ಚಿಹ್ನೆಗಳನ್ನು ತಾನೇ ನಿರುಪದ್ರವಿ ಮಾಡುತ್ತದೆ; ಪೈಥಾನ್ 3ರಲ್ಲಿ ಪಠ್ಯವೆಂದರೆ ಯೂನಿಕೋಡ್ ಪಠ್ಯವೇ. ‘ಗೆಟ್ಟವಾಡಿ’ಯ ಉದ್ದ ಕೇಳಿದರೆ ಅದು 27ರ ಬದಲು 9 ಎನ್ನುತ್ತದೆ. ಆದರೂ ನಾಲ್ಕು ಎನ್ನುವುದಿಲ್ಲ; ಕಾಳಮ್ಮನನ್ನು ಕಾವೇರಿಯ ಹಿಂದೆ ನಿಲ್ಲಿಸುವುದಿಲ್ಲ; ಬಸಪ್ಪ ಯಾರೆಂದು ಅದಕ್ಕೆ ಗೊತ್ತಿಲ್ಲ. 2021ರ ಸ್ಕೀಮಿನ ಪಟ್ಟಿಯಲ್ಲಿ ವಿದ್ಯಾರ್ಥಿಗಳನ್ನು ಕೋರ್ಸುಗಳಿಗೆ ನೋಂದಾಯಿಸುವ ಒಳ್ಳೆಯ ಪ್ರಶ್ನೆಯೊಂದಿದೆ. ಗಡಿಯಾರವನ್ನು ಬಿಟ್ಟು ಆ ಒಂದನ್ನೇ ಬೆಳೆಸಬಹುದು: ಹೆಸರು ಕನ್ನಡದಲ್ಲೂ ತಮಿಳಿನಲ್ಲೂ ಬರಲಿ, ಬಂದಂತೆಯೇ ಉಳಿಯಲಿ, ಪಟ್ಟಿ ವರ್ಣಮಾಲೆಯ ಕ್ರಮದಲ್ಲಿ ಜೋಡಣೆಯಾಗಲಿ, ಮತ್ತು ಒಬ್ಬನ ಪ್ರೋಗ್ರಾಮನ್ನು ಪಕ್ಕದ ಬೆಂಚಿನವನು ಬೇರೆ ಕಂಪ್ಯೂಟರಿನಿಂದ ತೆರೆದು ಕೆಡಿಸಲು ಪ್ರಯತ್ನಿಸಲಿ, ಅದಕ್ಕೂ ಅಂಕ ಸಿಗಲಿ. ಇದಕ್ಕೆ ಬೇಕಾದ ತಂತ್ರಾಂಶವೆಲ್ಲ ಉಚಿತ, ಎರಡು ಕಂಪ್ಯೂಟರುಗಳ ನಡುವೆ ಒಂದು ತಂತಿ ಇದ್ದರೆ ಸಾಕು, ಮೂರು ಗಂಟೆಯ ಪ್ರಾಯೋಗಿಕ ಪರೀಕ್ಷೆಯೊಳಗೆ ಮುಗಿಯುವ ಕೆಲಸ.