ಒಂದು ಬೊಂಬೆ, ಮೂರು ಅವತಾರ: ಟ್ರಿಪಲ್ ಚೇಂಜರ್ ರೋಬೋಗಳ ಕಥೆ

ಇವತ್ತು ಮೈಕ್ ಪಕ್ಕದಲ್ಲೇ ಒಂದು ಬೊಂಬೆ ಇಟ್ಕೊಂಡು ಕೂತಿದ್ದೀನಿ. ನಡುನಡುವೆ ಟಕ್ ಟಕ್ ಅಂತ ಸದ್ದು ಕೇಳಿದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ, ನಾನು ಇದರ ಕಾಲು ಮಡಚ್ತಾ ಇದ್ದೀನಿ ಅಂತ ತಿಳ್ಕೊಳ್ಳಿ.

ಇದರ ಹೆಸರು ಆಸ್ಟ್ರೋಟ್ರೇನ್. 1985ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಸರಣಿಯಲ್ಲಿ ಬಂದದ್ದು. ಬೂದು ಮತ್ತು ನೇರಳೆ ಬಣ್ಣ. ನಿಲ್ಲಿಸಿದರೆ ರೋಬೋ, ಮಡಚಿದರೆ ಹಳೇ ಕಾಲದ ಹಬೆ ಇಂಜಿನ್ನು, ಇನ್ನೊಂದು ಥರ ಮಡಚಿದರೆ ಸ್ಪೇಸ್ ಶಟಲ್. ಬೊಂಬೆ ಸಂಗ್ರಹಿಸೋ ಹುಚ್ಚಿರುವ ಗೆಳೆಯನೊಬ್ಬ ಒಂದು ವಾರದ ಮಟ್ಟಿಗೆ ಕೊಟ್ಟಿದ್ದಾನೆ. "ಕೀಲು ಸಡಿಲ ಆಗಿದೆ, ಜೋಪಾನ ಮಾರಾಯ" ಅಂತ ನಾಲ್ಕು ಸಲ ಹೇಳಿದ. ಮನೆಗೆ ತಂದ ದಿನವೇ ಅಕ್ಕನ ಮಗ ಕೇಳಿದ: "ಮಾಮ, ಇದು ನಿಜವಾಗ್ಲೂ ಏನು? ರೈಲಾ, ರಾಕೆಟ್ಟಾ, ರೋಬೋನಾ?"

ನನಗೆ ಥಟ್ಟನೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಆ ಪ್ರಶ್ನೆ ಹುಟ್ಟಿದ್ದೇ 1984ರಲ್ಲಿ. ಅದಕ್ಕೂ ಮೊದಲು ಇಂಥ ಬೊಂಬೆಗಳು ಇದ್ದವು, ಆದರೆ ಯಾರೂ ಹಾಗೆ ಕೇಳಬೇಕಾಗಿ ಬರಲಿಲ್ಲ.

1980ರಲ್ಲಿ ಜಪಾನಿನ ಟಕಾರಾ ಕಂಪನಿ ಡಯಾಕ್ಲೋನ್ ಅನ್ನೋ ಸರಣಿ ತಂದಿತು. ಅದರ ಜೊತೆ ಬೆರಳಿನ ಗೆಣ್ಣಿನಷ್ಟು ಪುಟ್ಟ ಚಾಲಕರು ಬರ್ತಿದ್ದರು, ಪಾದದಲ್ಲಿ ಸಣ್ಣ ಅಯಸ್ಕಾಂತ. ಆ ಚಾಲಕನನ್ನ ರೋಬೋ ಒಳಗೆ ಕೂರಿಸಬೇಕು. 1982ರಲ್ಲಿ ಇದೇ ಸರಣಿಯಲ್ಲಿ ನಿಜವಾದ ಕಾರುಗಳಂತೆಯೇ ಕಾಣೋ ಕಾರ್ ರೋಬೋಗಳು ಬಂದವು. ಅಲ್ಲೂ ಅಷ್ಟೇ, ಕಾರಿಗೊಬ್ಬ ಡ್ರೈವರ್. ಅಂದ್ರೆ ಜಪಾನಿನ ಮಗುವಿಗೆ ರೋಬೋ ಅನ್ನೋದು ಒಂದು ವಾಹನ, ಒಂದು ಯಂತ್ರ. ಜೀವ ಇದ್ದದ್ದು ಒಳಗೆ ಕೂತವನಿಗೆ.

1983ರ ಟೋಕಿಯೋ ಆಟಿಕೆ ಮೇಳದಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿಯವರು ಇವನ್ನ ನೋಡಿದರು. ಅಚ್ಚುಗಳನ್ನ ಹಾಗೇ ತಗೊಂಡರು, ಆದರೆ ಚಾಲಕನನ್ನ ಕೈಬಿಟ್ಟರು! ಮಾರ್ವೆಲ್ ಕಾಮಿಕ್ಸ್‌ಗೆ ಕಥೆ ಕಟ್ಟೋ ಕೆಲಸ ಸಿಕ್ಕಿತು. ಅಲ್ಲಿನ ಬಾಬ್ ಬುಡಿಯಾನ್ಸ್ಕಿ ಅನ್ನೋರು ಬಹುಪಾಲು ರೋಬೋಗಳಿಗೆ ಹೆಸರಿಟ್ಟು, ಸ್ವಭಾವ ಬರೆದರು. ಒಬ್ಬ ಹೇಡಿ, ಒಬ್ಬ ಜಂಬಗಾರ, ಒಬ್ಬ ಸದಾ ಸಂಚು ಹೂಡೋನು. ಡಬ್ಬದ ಹಿಂದೆ ಮಾರ್ಕ್ಸ್ ಕಾರ್ಡ್ ಬೇರೆ ಇರ್ತಿತ್ತು: ಬಲ, ಬುದ್ಧಿ, ವೇಗ, ಹೀಗೆ ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ. ಬರಿಗಣ್ಣಿಗೆ ಸರಿಯಾಗಿ ಕಾಣ್ತಿರಲಿಲ್ಲ. ಜೊತೆಗೆ ಕೊಟ್ಟ ಕೆಂಪು ಪ್ಲಾಸ್ಟಿಕ್ ಹಾಳೆ ಇಟ್ಟು ಓದಬೇಕಿತ್ತು.

ಅಲ್ಲಿಗೆ ಯಂತ್ರ ವ್ಯಕ್ತಿಯಾಯ್ತು. ವ್ಯಕ್ತಿ ಅಂದ ಮೇಲೆ "ನೀನು ನಿಜವಾಗಿ ಯಾರು" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಕಾರು ಆಗೋ ರೋಬೋಗೆ ಉತ್ತರ ಸುಲಭ, ಕಾರು ಅವನ ವೇಷ. ಆದರೆ 1985ರಲ್ಲಿ ಎರಡೆರಡು ವೇಷದವರು ಬಂದರು, ಆಸ್ಟ್ರೋಟ್ರೇನ್ ಮತ್ತು ಬ್ಲಿಟ್ಜ್‌ವಿಂಗ್. ಬ್ಲಿಟ್ಜ್‌ವಿಂಗ್ ಯುದ್ಧವಿಮಾನವೂ ಹೌದು, ಟ್ಯಾಂಕೂ ಹೌದು. ಮರುವರ್ಷ ಇನ್ನೂ ನಾಲ್ವರು. ಇವರಿಗೆಲ್ಲ ಟ್ರಿಪಲ್ ಚೇಂಜರ್ ಅಂತ ಹೆಸರಾಯ್ತು.

ಈಗ ಬೊಂಬೆಯನ್ನೇ ಸ್ವಲ್ಪ ನೋಡೋಣ. ನಲವತ್ತು ವರ್ಷದ ಹಿಂದಿನ ಪ್ಲಾಸ್ಟಿಕ್ಕು ಅನ್ನೋದನ್ನ ಮರೆಯದೇ ಹೇಳ್ತೀನಿ: ರೈಲು ಚೆನ್ನಾಗಿದೆ, ಶಟಲ್ ಪರವಾಗಿಲ್ಲ, ರೋಬೋ ಅಷ್ಟಕ್ಕಷ್ಟೇ. ಕಾರಣ ಸರಳ. ರೈಲಿನ ಗಾಲಿಗೆ ಶಟಲ್‌ನಲ್ಲಿ ಕೆಲಸ ಇಲ್ಲ. ಶಟಲ್ ರೆಕ್ಕೆಗೆ ರೈಲಿನಲ್ಲಿ ಕೆಲಸ ಇಲ್ಲ. ರೋಬೋಗೆ ಎರಡೂ ಬೇಡ, ಆದರೂ ಹೊತ್ಕೊಂಡೇ ನಿಲ್ಲಬೇಕು. ಬ್ಲಿಟ್ಜ್‌ವಿಂಗ್ ಪಾಡು ಇನ್ನೂ ಕಷ್ಟ. ವಿಮಾನ ತೆಳ್ಳಗಿರಬೇಕು, ಟ್ಯಾಂಕು ದಪ್ಪ ಇರಬೇಕು, ಮೈ ಮಾತ್ರ ಒಂದೇ. ಹಾಗಾಗಿ ಆ ವಿಮಾನ ಊಟ ಜಾಸ್ತಿಯಾದಂತೆ ಕಾಣುತ್ತೆ.

ಹಾಗಂತ ಮೂರು ರೂಪ ಅಂದ ತಕ್ಷಣ ಎಡವಟ್ಟು ಅಂತ ಅಲ್ಲ. ಇದಕ್ಕೂ ಮೂರು ವರ್ಷ ಮೊದಲೇ, 1982ರಲ್ಲಿ, ಜಪಾನಿನಲ್ಲೇ ಒಬ್ಬರು ಇದನ್ನ ಸೊಗಸಾಗಿ ಬಿಡಿಸಿದ್ದರು. ಅವರ ಹೆಸರು ಶೋಜಿ ಕವಾಮೊರಿ. ಮ್ಯಾಕ್ರಾಸ್ ಅನ್ನೋ ಅನಿಮೆಗೆ ಅವರು ರೂಪಿಸಿದ ವಾಲ್ಕಿರಿ ವಿಮಾನ ಅಮೆರಿಕದ ಎಫ್-14 ಟಾಮ್‌ಕ್ಯಾಟ್‌ ಥರ ಕಾಣುತ್ತೆ. ವಿಮಾನ ರೋಬೋ ಆಗುವಾಗ ಎರಡು ಇಂಜಿನ್ನೇ ಕೆಳಗಿಳಿದು ಎರಡು ಕಾಲಾಗುತ್ತೆ. ಕಾಲು ಇಳಿದಿದೆ, ಕೈ ಹೊರಗೆ ಬಂದಿದೆ, ಆದರೆ ಮೂತಿ ಇನ್ನೂ ವಿಮಾನದ್ದೇ. ಆ ಅರ್ಧ ದಾರಿಯಲ್ಲೇ ಕವಾಮೊರಿ ನಿಲ್ಲಿಸಿ, ಇದೂ ಒಂದು ರೂಪ ಅಂದುಬಿಟ್ಟರು. ಅದಕ್ಕೆ ಗರ್ವಾಕ್ ಅಂತ ಹೆಸರು. ನೋಡಿ, ಮೂರನೇ ರೂಪ ಇಲ್ಲಿ ಪುಕ್ಕಟೆ ಬಂತು! ಒಂದೇ ದಾರಿಯ ಮೂರು ನಿಲ್ದಾಣ. ಆಸ್ಟ್ರೋಟ್ರೇನ್‌ಗೆ ಮೂರು ದಿಕ್ಕಿನ ಮೂರು ದಾರಿ. ನನ್ನ ಲೆಕ್ಕದಲ್ಲಿ ಒಳ್ಳೇ ಬೊಂಬೆಗೂ ಒದ್ದಾಡೋ ಬೊಂಬೆಗೂ ಇರೋ ವ್ಯತ್ಯಾಸ ಇಷ್ಟೇ.

ಆದರೆ ಆ ವಾಲ್ಕಿರಿಯ ಗತಿ ಏನಾಯ್ತು ಗೊತ್ತಾ? ಅದನ್ನ ಆಟಿಕೆಯಾಗಿ ಮಾಡಿದ್ದು ಟಕಾಟೊಕು ಅನ್ನೋ ಕಂಪನಿ. 1984ರಲ್ಲಿ ಅದು ದಿವಾಳಿಯೆದ್ದಿತು. ಅದೇ ಆಟಿಕೆ 1985ರಲ್ಲಿ ಅಮೆರಿಕದಲ್ಲಿ ಹ್ಯಾಸ್‌ಬ್ರೋ ಡಬ್ಬದಲ್ಲಿ ಬಂತು, ಜೆಟ್‌ಫೈರ್ ಅಂತ. ಇತ್ತ ಜಪಾನಿನಲ್ಲಿ ಮ್ಯಾಕ್ರಾಸ್ ಬೊಂಬೆಗಳು ಟಕಾರಾದ ಎದುರಾಳಿ ಬಂಡಾಯ್ ಕೈ ಸೇರಿದವು. ಎದುರಾಳಿಯ ಮಾಲನ್ನ ತಮ್ಮ ಕಾರ್ಟೂನಿನಲ್ಲಿ ತೋರಿಸೋದು ಹೇಗೆ? ಅದಕ್ಕೆ ಟಿವಿಯಲ್ಲಿ ಅವನ ಮುಖ, ಮೈ ಎಲ್ಲ ಬದಲಾಯಿಸಿ ಸ್ಕೈಫೈರ್ ಅಂತ ಕರೆದರು. ಅದೇ ವರ್ಷ ರೋಬೋಟೆಕ್ ಅನ್ನೋ ಇನ್ನೊಂದು ಸರಣಿ ಮೂಲ ಮ್ಯಾಕ್ರಾಸನ್ನೇ ಇಂಗ್ಲಿಷಿನಲ್ಲಿ ತೋರಿಸ್ತಾ ಇತ್ತು. ಅಂಗಡಿಯಲ್ಲಿ ನಿಂತ ಅಮೆರಿಕದ ಮಗುವಿಗೆ ಒಂದೇ ವಿಮಾನ ಎರಡು ಕಥೆಯಲ್ಲಿ. ಅಕ್ಕನ ಮಗ ಇವನನ್ನ ನೋಡಿದ್ದಿದ್ರೆ ಅವನ ಪ್ರಶ್ನೆ ಇನ್ನೂ ಉದ್ದ ಆಗ್ತಿತ್ತು.

ಈ ಹುಚ್ಚು ಮೂರಕ್ಕೆ ನಿಲ್ಲಲಿಲ್ಲ. 1987ರಲ್ಲಿ ಸಿಕ್ಸ್‌ಶಾಟ್ ಬಂದ. ಆರು ರೂಪ: ರೋಬೋ, ವಿಮಾನ, ಟ್ಯಾಂಕು, ಕವಚದ ಗಾಡಿ, ಪಿಸ್ತೂಲು, ಕೊನೆಗೆ ರೆಕ್ಕೆಯ ತೋಳ. ಕಟುವಾಗಿ ಹೇಳಬೇಕಂದ್ರೆ, ಬೋರಲು ಮಲಗಿಸಿದರೆ ಗಾಡಿ, ನಾಲ್ಕು ಕಾಲ ಮೇಲೆ ನಿಲ್ಲಿಸಿದರೆ ತೋಳ, ಮೈ ಅದೇ. ಮೋಸ ಅಂತ ಬೈಯೋ ಸಂಗ್ರಾಹಕರು ಇದ್ದಾರೆ. ನಾನು ಬೈಯಲ್ಲ. ಬೆಂಕಿಪೊಟ್ಟಣವನ್ನ ಬಸ್ಸು ಮಾಡಿ ಬಾಯಲ್ಲೇ ಹಾರ್ನ್ ಹೊಡೆದವರಿಗೆ ತೋಳದ ಕಾಲು ನಿಜವಾಗಿ ಕಾಲಿನ ಥರ ಇರಲೇಬೇಕಾ? ಆಸ್ಟ್ರೋಟ್ರೇನ್ ಎಲ್ಲ ರೂಪದಲ್ಲೂ ಅಚ್ಚುಕಟ್ಟಾಗಿ ಕಾಣೋಕೆ ಹೋಗಿ ಒದ್ದಾಡುತ್ತೆ. ಸಿಕ್ಸ್‌ಶಾಟ್‌ಗೆ ಆ ಚಿಂತೆಯೇ ಇಲ್ಲ, ಅರ್ಧ ಕೆಲಸ ಆಡುವವರಿಗೆ ಬಿಟ್ಟಿದ್ದಾನೆ.

ಹಾಗಾದರೆ ನನ್ನ ಮಾರ್ಕ್ಸು? ಕೆಂಪು ಹಾಳೆ ಇಲ್ಲದೇ ಹೇಳ್ತೀನಿ. ವಾಲ್ಕಿರಿಗೆ ಹತ್ತಕ್ಕೆ ಒಂಬತ್ತು. ಸಿಕ್ಸ್‌ಶಾಟ್‌ಗೆ ಏಳು, ಧೈರ್ಯಕ್ಕೆ. ಆಸ್ಟ್ರೋಟ್ರೇನ್‌ಗೆ ಆರು. ಕಾರ್ಟೂನಿನಲ್ಲಿ ಈತ ತನ್ನ ಕಡೆಯವರನ್ನೆಲ್ಲ ಹೊಟ್ಟೆಯೊಳಗೆ ತುಂಬ್ಕೊಂಡು ಹಾರ್ತಾನೆ, ಹತ್ತಿದವರು ಹೇಗೆ ಹಿಡಿದರು ಅಂತ ಯಾರೂ ಕೇಳಲ್ಲ. ಅದಕ್ಕೆ ಇನ್ನರ್ಧ ಮಾರ್ಕ್ ಸೇರಿಸಿ.

ನಿನ್ನೆ ಸಂಜೆ ನೋಡಿದ್ರೆ ಅಕ್ಕನ ಮಗ ಇದನ್ನ ರೈಲಿಂದ ಶಟಲ್ ಮಾಡೋಕೆ ಹೋಗಿ ಅರ್ಧಕ್ಕೇ ಬಿಟ್ಟಿದ್ದಾನೆ. ಒಂದು ಕಡೆ ರೆಕ್ಕೆ ಚಾಚಿದೆ, ಇನ್ನೊಂದು ಕಡೆಯಿಂದ ಕೈ ಹೊರಗೆ. "ಮುಗಿಸ್ಲಾ?" ಅಂದೆ. "ಬೇಡ ಮಾಮ, ಇದು ಹಿಂಗೇ" ಅಂದ. ಕವಾಮೊರಿ ಹೆಸರು ಅವನಿಗೆ ಗೊತ್ತಿಲ್ಲ.

ಶನಿವಾರ ಬೊಂಬೆ ವಾಪಸ್ ಕೊಡಬೇಕು. ಎಡಗಾಲಿನ ಕೀಲು ಮೊದಲೇ ಹೀಗಿತ್ತು ಅಂತ ಗೆಳೆಯ ನಂಬಿದರೆ ಸಾಕು. ಮತ್ತೆ ಸಿಗೋಣ.